ಎಡಕಲ್ಲು, ಗಡಿಯಾರ ಮತ್ತು ಕರ್ತೃ

ವಯನಾಡಿನ ಸುಲ್ತಾನ್ ಬತ್ತೇರಿಗೆ ಹತ್ತಿರದ ಅಂಬುಕುತ್ತಿ ಬೆಟ್ಟದಲ್ಲಿ ಒಂದು ಕೋಣೆಯಿದೆ. ಎರಡು ಕಡೆ ಎತ್ತರದ ಗೋಡೆ, ಮೇಲೊಂದು ಚಾವಣಿ, ಸಂದಿಯಿಂದ ಇಳಿಯುವ ಬೆಳಕು. ಯಾರೋ ಅಳತೆ ಹಾಕಿ ಕಟ್ಟಿದ ಹಾಗೆ ಕಾಣುವ ಅದನ್ನು ಕಟ್ಟಿದವರು ಯಾರೂ ಇಲ್ಲ. ಯಾವುದೋ ಕಾಲದಲ್ಲಿ ಬೆಟ್ಟದ ಬಂಡೆ ಸೀಳಿತು. ಮೇಲಿನಿಂದ ಇನ್ನೊಂದು ದೊಡ್ಡ ಗುಂಡು ಬಂದು ಆ ಸೀಳಿನ ಬಾಯಲ್ಲಿ ಸಿಕ್ಕಿಕೊಂಡಿತು. ಎಡೆಯಲ್ಲಿ ಸಿಕ್ಕ ಕಲ್ಲು, ಆದ್ದರಿಂದ ಎಡಕಲ್ಲು. ಮಲಯಾಳದಲ್ಲೂ ಕನ್ನಡದಲ್ಲೂ ಈ ಹೆಸರಿಗೆ ಒಂದೇ ಅರ್ಥ. ಭಾರತೀಸುತರ ಕಾದಂಬರಿಯಿಂದ, ಅದನ್ನಾಧರಿಸಿ 1973ರಲ್ಲಿ ಪುಟ್ಟಣ್ಣ ಕಣಗಾಲರು ತೆಗೆದ ಚಿತ್ರದಿಂದ ಕನ್ನಡಿಗರಿಗೆ ಅದು ಮನೆಮಾತು. 1890ರ ದಶಕದಲ್ಲಿ ಮಲಬಾರಿನ ಪೊಲೀಸ್ ಅಧಿಕಾರಿ ಫ್ರೆಡ್ ಫಾಸೆಟ್ ಇದನ್ನು ಕಂಡು ಹೊರಜಗತ್ತಿಗೆ ತಿಳಿಸಿದ. ಅವನ ಕಣ್ಣು ಸೆಳೆದದ್ದು ಗೋಡೆಗಳ ಮೇಲೆ ಗೀರಿದ ಚಿತ್ರಗಳು: ಮನುಷ್ಯಾಕೃತಿಗಳು, ಪ್ರಾಣಿಗಳು, ಒಂದರ ಮೇಲೊಂದು ಹಾಯ್ದ ಗೆರೆಗಳು. ನವಶಿಲಾಯುಗದ ಕೈಗಳಿಂದ ಹಿಡಿದು ಬ್ರಾಹ್ಮಿ ಅಕ್ಷರ ಬಲ್ಲ ಕೈಗಳವರೆಗೆ ಬೇರೆ ಬೇರೆ ಕಾಲದವರು ಅಲ್ಲಿ ಕೊರೆದಿದ್ದಾರೆ. ಕೋಣೆಗೆ ಕರ್ತೃವಿಲ್ಲ, ಗೋಡೆಯ ಚಿತ್ರಕ್ಕೆ ಕರ್ತೃಗಳಿದ್ದಾರೆ, ಆದರೆ ಒಬ್ಬನಲ್ಲ. ಈ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಂದು ವಸ್ತುವಿನ ಕಡೆ ತಿರುಗಬೇಕು. ದೇವರಿದ್ದಾನೆಂದು ಸಾಧಿಸಲು ಯುರೋಪು ಹೆಚ್ಚು ನೆಚ್ಚಿದ ಸಾಕ್ಷಿಗಳಲ್ಲಿ ಅದು ಒಂದು: ಗಡಿಯಾರ.

ಇಂಗ್ಲೆಂಡಿನ ಪಾದ್ರಿ ವಿಲಿಯಂ ಪೇಲಿ 1802ರಲ್ಲಿ ‘ನ್ಯಾಚುರಲ್ ಥಿಯಾಲಜಿ’ ಎಂಬ ಪುಸ್ತಕ ಪ್ರಕಟಿಸಿದ. ಅದರ ಮೊದಲ ಪುಟದಲ್ಲೇ ಒಂದು ಕಲ್ಲು, ಒಂದು ಗಡಿಯಾರ ಬರುತ್ತವೆ. ಬಯಲಲ್ಲಿ ನಡೆಯುವಾಗ ಕಾಲಿಗೆ ಕಲ್ಲು ತಾಗಿದರೆ ಅದು ಎಂದಿನಿಂದಲೂ ಅಲ್ಲೇ ಬಿದ್ದಿತ್ತು ಎಂದು ಹೇಳಿ ಮುಂದೆ ಹೋಗಬಹುದು. ಗಡಿಯಾರ ಸಿಕ್ಕರೆ ಹಾಗೆನ್ನಲಾಗದು ಎಂಬುದು ಅವನ ಮೊದಲ ಹೆಜ್ಜೆ. ತುಕ್ಕು ಹಿಡಿಯದಿರಲೆಂದು ಚಕ್ರಗಳು ಹಿತ್ತಾಳೆಯವು, ಪುಟಿಯಲೆಂದು ಸ್ಪ್ರಿಂಗು ಉಕ್ಕಿನದು, ಮುಳ್ಳು ಕಾಣಲೆಂದು ಮೇಲೆ ಗಾಜು. ಇಷ್ಟು ಉದ್ದೇಶಗಳು ಒಂದರೊಳಗೊಂದು ಹೆಣೆದುಕೊಂಡಿರುವಾಗ ಮಾಡಿದವನೊಬ್ಬ ಇರಲೇಬೇಕು. ಕಣ್ಣು, ಕಿವಿ, ಹಕ್ಕಿಯ ರೆಕ್ಕೆ ಗಡಿಯಾರಕ್ಕಿಂತ ಜಾಣತನದ ರಚನೆಗಳು; ಹಾಗಾಗಿ ಲೋಕಕ್ಕೂ ಒಬ್ಬ ಕರ್ತೃವಿದ್ದಾನೆ. ಇದಕ್ಕೆ ಡಾರ್ವಿನ್ನನಿಂದ ಹಿಡಿದು 1986ರಲ್ಲಿ ‘ದಿ ಬ್ಲೈಂಡ್ ವಾಚ್‌ಮೇಕರ್’ ಬರೆದ ರಿಚರ್ಡ್ ಡಾಕಿನ್ಸ್‌ವರೆಗೆ ಬಂದ ಉತ್ತರಗಳು ಬಹಳ ಮಟ್ಟಿಗೆ ಕಣ್ಣು, ರೆಕ್ಕೆಗಳ ಬಗ್ಗೆ ಇವೆ. ಜೀವಿಗಳು ಗಡಿಯಾರದ ಹಾಗೆ ಹುಟ್ಟಿದ್ದಲ್ಲ ಎಂದು ಅವು ತೋರಿಸುತ್ತವೆ. ಗಡಿಯಾರಕ್ಕಂತೂ ಒಬ್ಬ ಕರ್ತೃ ಉಂಟು ಎಂಬ ಮಾತನ್ನು ಪೇಲಿಗೇ ಬಿಟ್ಟುಕೊಡುತ್ತವೆ. ನನ್ನ ತಕರಾರು ಶುರುವಾಗುವುದು ಅಲ್ಲಿ. ಗಡಿಯಾರ ಉತ್ತಮವಾದಷ್ಟೂ, ಅದರ ಕುಸುರಿ ಸೂಕ್ಷ್ಮವಾದಷ್ಟೂ, ಒಬ್ಬ ಕರ್ತೃವಿನ ಕಡೆಗೆ ಬೆರಳು ತೋರುವುದನ್ನು ಅದು ಬಿಟ್ಟುಬಿಡುತ್ತದೆ. ಪೇಲಿ ಕಲ್ಲನ್ನು ಬೇಗ ದಾಟಿಬಿಟ್ಟ. ಗಡಿಯಾರವನ್ನೂ ಅಷ್ಟೇ ಬೇಗ ಮುಚ್ಚಿಟ್ಟ.

ವಯನಾಡಿನಲ್ಲಿ ನಿಂತು ಈ ಪ್ರಶ್ನೆ ಕೇಳುವುದಕ್ಕೆ ಎಡಕಲ್ಲು ಒಂದೇ ಕಾರಣವಲ್ಲ. ಇದು ಕನ್ನಡ ನಾಡಿನಿಂದ ಹೋದ ಜೈನರು ಶತಮಾನಗಳಿಂದ ನೆಲೆ ನಿಂತ ಸೀಮೆ. ಸುಲ್ತಾನ್ ಬತ್ತೇರಿಗೆ ಒಂದು ಕಾಲದಲ್ಲಿ ‘ಹನ್ನೆರಡು ಬೀದಿ’ ಎಂಬ ಅಪ್ಪಟ ಕನ್ನಡದ ಹೆಸರಿತ್ತು. ಅಲ್ಲಿನ ಕಲ್ಲಿನ ಬಸದಿಯನ್ನು ಟಿಪ್ಪುವಿನ ಸೈನ್ಯ ಮದ್ದುಗುಂಡಿನ ಉಗ್ರಾಣ ಮಾಡಿಕೊಂಡದ್ದರಿಂದ ಊರಿನ ಹೆಸರು ಸುಲ್ತಾನನ ಬತ್ತೇರಿಯಾಯಿತು. ಬಸದಿ ಈಗ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಕಲ್ಪೆಟ್ಟದ ಹತ್ತಿರ ಪುಳಿಯಾರ್ಮಲದಲ್ಲಿ ಹದಿನಾಲ್ಕನೆಯ ತೀರ್ಥಂಕರ ಅನಂತನಾಥನ ಬಸದಿಯಿದೆ. ಅಲ್ಲಿ ಕೈಮುಗಿಯುವವರು ಲೋಕವನ್ನು ಸೃಷ್ಟಿಸಿದವನಿಗೆ ಕೈಮುಗಿಯುತ್ತಿಲ್ಲ. ಜೈನ ದರ್ಶನದಲ್ಲಿ ಲೋಕಕ್ಕೆ ಸೃಷ್ಟಿಕರ್ತನಿಲ್ಲ. ಈ ಮಾತನ್ನು ಕಟುವಾಗಿ, ತರ್ಕಬದ್ಧವಾಗಿ ಹೇಳಿದವರಲ್ಲಿ ಒಂಬತ್ತನೆಯ ಶತಮಾನದ ಜಿನಸೇನ ದೊಡ್ಡ ಹೆಸರು. ಅವನು ರಾಷ್ಟ್ರಕೂಟ ದೊರೆ ಅಮೋಘವರ್ಷನ ಗುರು. ಅವನ ಸಂಸ್ಕೃತ ಪುರಾಣದ ಕಥೆಯನ್ನೇ ಪಂಪ 941ರಲ್ಲಿ ‘ಆದಿಪುರಾಣ’ವಾಗಿ ಕನ್ನಡಕ್ಕೆ ತಂದ. ಜಿನಸೇನನ ಎದುರು ಗಡಿಯಾರ ಇರಲಿಲ್ಲ, ಮಡಕೆ ಇತ್ತು. ನ್ಯಾಯದರ್ಶನದ ತರ್ಕಿಗಳಾದ ನೈಯಾಯಿಕರು ಹೇಳುತ್ತಿದ್ದರು: ಮಡಕೆ ಕಾರ್ಯ, ಅದಕ್ಕೆ ಕುಂಬಾರ ಕರ್ತೃ; ಲೋಕವೂ ಕಾರ್ಯ, ಅದಕ್ಕೂ ಒಬ್ಬ ಕರ್ತೃ. ಮುಂದೆ ಹತ್ತನೆಯ ಶತಮಾನದಲ್ಲಿ ಉದಯನ ‘ನ್ಯಾಯಕುಸುಮಾಂಜಲಿ’ಯಲ್ಲಿ ಈ ವಾದಕ್ಕೆ ಹೊಸ ಬಲ ಕೊಟ್ಟ. ಪೇಲಿ ಕುಂಬಾರನನ್ನು ಎಬ್ಬಿಸಿ ಅವನ ಜಾಗದಲ್ಲಿ ಗಡಿಯಾರದವನನ್ನು ಕೂರಿಸಿದ, ಅಷ್ಟೇ. ಹಾಗಾದರೆ ಜಿನಸೇನ ಕುಂಬಾರನಿಗೆ ಕೇಳಿದ ಪ್ರಶ್ನೆಯನ್ನು ಗಡಿಯಾರದವನಿಗೂ ಕೇಳಬೇಕಾಗುತ್ತದೆ. ಮಣ್ಣು ಎಲ್ಲಿಂದ ಬಂತು?

ಉತ್ತರಕ್ಕೆ ಗಡಿಯಾರದ ಬೆನ್ನು ಬಿಚ್ಚಬೇಕು. ಕೀ ಕೊಡುವ ಕೈಗಡಿಯಾರದಲ್ಲಿ ಶಕ್ತಿ ಇರುವುದು ಡಬ್ಬಿಯೊಳಗೆ ಸುತ್ತಿಟ್ಟ ಉಕ್ಕಿನ ಪಟ್ಟಿಯಲ್ಲಿ. ಬಿಗಿದ ಪಟ್ಟಿ ಬಿಚ್ಚಿಕೊಳ್ಳಲು ತವಕಿಸುತ್ತದೆ, ಆ ತವಕ ಹಲ್ಲಿನ ಚಕ್ರಗಳ ಸಾಲಿನ ಮೂಲಕ ಕೊನೆಯ ಚಕ್ರಕ್ಕೆ ಮುಟ್ಟುತ್ತದೆ. ತಡೆಯಿಲ್ಲದೆ ಬಿಟ್ಟರೆ ಎಲ್ಲವೂ ಕ್ಷಣದಲ್ಲಿ ಗಿರ್ರನೆ ತಿರುಗಿ ನಿಲ್ಲುತ್ತದೆ. ತಡೆಯುವುದು ಎಸ್ಕೇಪ್‌ಮೆಂಟ್: ಕವೆಯಂಥ ಒಂದು ಚಿಕ್ಕ ಸನ್ನೆ ಹಲ್ಲೊಂದನ್ನು ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಆ ಸನ್ನೆಗೆ ಲಯ ಕೊಡುವುದು ಬ್ಯಾಲೆನ್ಸ್ ಚಕ್ರ. ಅದನ್ನು ಆಚೀಚೆ ತೂಗಿಸುವುದು ಕೂದಲಿನಷ್ಟು ತೆಳುವಾದ ಹೇರ್‌ಸ್ಪ್ರಿಂಗ್. ನಾವು ಕೇಳುವ ಟಿಕ್ ಟಿಕ್ ಚಲನೆಯ ಸದ್ದು ಎಂದುಕೊಳ್ಳುತ್ತೇವೆ. ಅದರ ಬಹುಪಾಲು ತಡೆಯ ಸದ್ದು, ಹಲ್ಲು ಬಂದು ಸನ್ನೆಯ ತುದಿಯ ಕಲ್ಲಿಗೆ ತಾಗುವ ಸದ್ದು. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಿಂದ ಬೆಂಗಳೂರಿನಲ್ಲಿ ಗಡಿಯಾರ ಮಾಡಲು ತೊಡಗಿದ ಎಚ್‌ಎಂಟಿಯ ‘ಜನತಾ’ 17 ಕಲ್ಲಿನದು. ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ ಐದು ಬಾರಿ ಬಡಿಯುತ್ತದೆ. ಇವತ್ತಿನ ಬೆಲೆಬಾಳುವ ಸ್ವಿಸ್ ಗಡಿಯಾರಗಳಲ್ಲಿ ಹಲವು ಗಂಟೆಗೆ 28,800 ಬಾರಿ ಬಡಿಯುತ್ತವೆ. ಸ್ವಿಟ್ಜರ್ಲೆಂಡಿನ ಅಧಿಕೃತ ಪರೀಕ್ಷೆಯಲ್ಲಿ ಕ್ರೋನೊಮೀಟರ್ ಎನಿಸಿಕೊಳ್ಳಲು ಯಂತ್ರವೊಂದು ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಸೆಕೆಂಡಿಗಿಂತ ಹೆಚ್ಚು ಹಿಂದೆ ಬೀಳಬಾರದು, ಆರಕ್ಕಿಂತ ಹೆಚ್ಚು ಮುಂದೆ ಓಡಬಾರದು. 86,400 ಸೆಕೆಂಡಿನ ದಿನದಲ್ಲಿ ನಾಲ್ಕು ಸೆಕೆಂಡು! ಲೋಹದ ಸುರುಳಿಯೊಂದು ಇಷ್ಟು ನಿಷ್ಠೆಯಿಂದ ತೂಗುವುದನ್ನು ನೋಡಿದಾಗ ಪೇಲಿಗೆ ಹುಟ್ಟಿದ ಬೆರಗು ನನಗೂ ಹುಟ್ಟುತ್ತದೆ. ಬೆರಗಿನ ಬಗ್ಗೆ ನನ್ನ ಜಗಳವಿಲ್ಲ.

ಆದರೆ ಈ ನಿಷ್ಠೆ ಯಾರದು? ಹೇರ್‌ಸ್ಪ್ರಿಂಗನ್ನು ಬಳಕೆಗೆ ತಂದವನು ಡಚ್ ವಿಜ್ಞಾನಿ ಹಾಯ್ಗನ್ಸ್, 1675ರಲ್ಲಿ. ಮೊದಲು ಹೊಳೆದದ್ದು ನನಗೆ ಎಂದು ಇಂಗ್ಲೆಂಡಿನ ರಾಬರ್ಟ್ ಹುಕ್ ಜಗಳಕ್ಕೆ ನಿಂತ. ಹಾಯ್ಗನ್ಸ್‌ಗೆ ಅದನ್ನು ಮಾಡಿಕೊಟ್ಟ ಪ್ಯಾರಿಸ್ಸಿನ ಐಸಾಕ್ ತ್ಯುರೆ ಕೂಡ ತನ್ನ ಪಾಲು ಕೇಳಿದ. ಒಂದೇ ಒಂದು ಬಿಡಿಭಾಗಕ್ಕೆ ಮೂವರು ಕರ್ತೃಗಳು. ತಿರುಗುವ ಮೊನೆಗಳು ಸವೆಯದಿರಲೆಂದು ಮಾಣಿಕ್ಯಕ್ಕೆ ತೂತು ಕೊರೆದು ಕೂರಿಸುವ ವಿದ್ಯೆಗೆ 1704ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದವರಲ್ಲಿ ನಿಕೊಲಾ ಫಾಸಿಯೊ ಒಬ್ಬ; ಅವನು ಗಣಿತಜ್ಞ, ನ್ಯೂಟನ್ನನ ಗೆಳೆಯ. ಇಂದಿಗೂ ಹೆಚ್ಚಿನ ಗಡಿಯಾರಗಳಲ್ಲಿರುವ ಸನ್ನೆಯ ಎಸ್ಕೇಪ್‌ಮೆಂಟ್ 1750ರ ದಶಕದಲ್ಲಿ ಥಾಮಸ್ ಮಡ್ಜ್‌ಗೆ ಹೊಳೆದದ್ದು. ಮಾಡುವುದು ಕಷ್ಟವೆಂದು ಅವನೇ ಅದನ್ನು ಹೆಚ್ಚು ಮಾಡಲಿಲ್ಲ. ಬೇರೆಯವರು ಕೈಗೆತ್ತಿಕೊಂಡು ಹದಕ್ಕೆ ತಂದರು. ಸೆಕೆಗೆ ಉಕ್ಕಿನ ಪುಟಿತ ತಗ್ಗುತ್ತದೆ, ಗಡಿಯಾರ ನಿಧಾನವಾಗುತ್ತದೆ. ಈ ತೊಡಕನ್ನು ಬಿಡಿಸಿದ ನಿಕಲ್ ಉಕ್ಕಿನ ಮಿಶ್ರಣಗಳನ್ನು ಕಂಡವನು ಶಾರ್ಲ್ ಗಿಯೋಮ್. ಅವನು ಹುಡುಕುತ್ತಿದ್ದದ್ದು ಗಡಿಯಾರದ ಲೋಹವನ್ನಲ್ಲ, ಮೀಟರಿನ ಅಳತೆಗೋಲಿಗೆ ಅಗ್ಗದ ಲೋಹವನ್ನು. 1920ರ ಭೌತಶಾಸ್ತ್ರದ ನೊಬೆಲ್ ಆ ಕೆಲಸಕ್ಕೇ ಬಂತು. ಕೃತಕ ಮಾಣಿಕ್ಯವನ್ನು ಬೆಂಕಿಯಲ್ಲಿ ಬೆಳೆಸುವ ಬಗೆಯನ್ನು ಆಗಸ್ಟ್ ವೆರ್ನುಯಿ 1902ರಲ್ಲಿ ಪ್ರಕಟಿಸಿದ ಮೇಲೆ ‘ಜನತಾ’ದಂಥ ಸಾಮಾನ್ಯರ ಗಡಿಯಾರಕ್ಕೂ 17 ಕಲ್ಲುಗಳು ಎಟುಕಿದವು. ಇವರಲ್ಲಿ ಯಾರೂ ಬೆಂಗಳೂರಿನ ಗಡಿಯಾರವನ್ನು ಕನಸಿನಲ್ಲೂ ಕಂಡವರಲ್ಲ. ಹಲವರು ಒಬ್ಬರನ್ನೊಬ್ಬರು ಅರಿಯದೆ, ಕೆಲವರು ಒಬ್ಬರ ಮೇಲೊಬ್ಬರು ಮುನಿದು ಮಾಡಿದ ಕೆಲಸ ಒಂದು ಅಂಗೈಯಗಲದ ಯಂತ್ರದಲ್ಲಿ ಕೂಡಿಕೊಂಡಿದೆ. ಪೇಲಿಗಿಂತ ಮೊದಲೇ, 1779ರಲ್ಲಿ ಅಚ್ಚಾದ ತನ್ನ ಸಂವಾದಗಳಲ್ಲಿ ಡೇವಿಡ್ ಹ್ಯೂಮ್ ಹಡಗಿನ ಬಗ್ಗೆ ಇಂಥದೇ ಮಾತು ಎತ್ತಿದ್ದ: ಚೆಂದದ ಹಡಗು ಕಂಡು ಬಡಗಿಯ ಬುದ್ಧಿಗೆ ತಲೆದೂಗುತ್ತೇವೆ, ಅದರ ಹಿಂದೆ ಎಷ್ಟು ಕಾಲದ ಎಷ್ಟು ಕೆಟ್ಟ ಹಡಗುಗಳಿವೆಯೋ ಎಂದು ಯೋಚಿಸುವುದಿಲ್ಲ. ಪೇಲಿ ಇದನ್ನು ಮನಸ್ಸಿಗೆ ತೆಗೆದುಕೊಂಡಿದ್ದರೆ ಅವನ ಪುಸ್ತಕ ಬೇರೆಯಾಗುತ್ತಿತ್ತು.

ಇದೇ ವಾದಕ್ಕೆ ಒಂದೇ ಗಡಿಯಾರದ ಸಾಕ್ಷಿ ಬೇಕೆಂದರೆ ಗಡಿಯಾರ ತಯಾರಕ ಬ್ರೆಗೆಯ 160ನೆಯ ನಂಬರಿನದು ಇದೆ. ಫ್ರಾನ್ಸಿನ ರಾಣಿ ಮರಿ ಆಂತ್ವಾನೆತ್‌ಗಾಗಿ 1783ರಲ್ಲಿ ಅದನ್ನು ಮಾಡಿಸಲು ಹೇಳಿದರು; ಆ ಕಾಲಕ್ಕೆ ಗೊತ್ತಿದ್ದ ಎಲ್ಲ ವಿದ್ಯೆಯೂ ಅದರಲ್ಲಿರಬೇಕು, ಸಮಯಕ್ಕಾಗಲಿ ಹಣಕ್ಕಾಗಲಿ ಮಿತಿಯಿಲ್ಲ. ರಾಣಿಯ ತಲೆ 1793ರಲ್ಲಿ ಉರುಳಿತು. ಬ್ರೆಗೆ 1823ರಲ್ಲಿ ತೀರಿಕೊಂಡ. ಗಡಿಯಾರ ಮುಗಿದದ್ದು 1827ರಲ್ಲಿ. ಯಾರಿಗಾಗಿ ಮಾಡಿಸಿದರೋ ಅವಳಿಲ್ಲ, ಯೋಜಿಸಿದವನಿಲ್ಲ, ಗಡಿಯಾರ ಮಾತ್ರ ಉಳಿದಿದೆ. ಅದನ್ನು ಬಯಲಲ್ಲಿ ಎತ್ತಿಕೊಂಡ ದಾರಿಹೋಕ ಒಬ್ಬ ಕರ್ತೃವನ್ನು ಊಹಿಸಿದರೆ ಅವನ ಊಹೆ ತಪ್ಪಾಗುತ್ತದೆ. ಇಲ್ಲಿ ಇನ್ನೂ ಆಳದ ಒಂದು ವಿಷಯವಿದೆ. ಕುಶಲತೆಯ ಶಿಖರವೆಂದು ಇಂದು ಲಕ್ಷಗಟ್ಟಲೆ ಬೆಲೆಗೆ ಮಾರುವ ಟೂರ್ಬಿಯಾನ್‌ಗೆ ಬ್ರೆಗೆ ಪೇಟೆಂಟ್ ಪಡೆದದ್ದು 1801ರಲ್ಲಿ, ಪೇಲಿಯ ಪುಸ್ತಕಕ್ಕೆ ಒಂದು ವರ್ಷ ಮೊದಲು. ಜೇಬಿನಲ್ಲಿ ನೆಟ್ಟಗೆ ನಿಂತ ಗಡಿಯಾರದ ಬ್ಯಾಲೆನ್ಸ್ ಚಕ್ರವನ್ನು ಭೂಮಿಯ ಸೆಳೆತ ಒಂದು ಪಕ್ಕಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಕಾಡುತ್ತದೆ. ಸೆಳೆತವನ್ನು ಇಲ್ಲವಾಗಿಸಲು ಬ್ರೆಗೆಗೆ ಸಾಧ್ಯವಿರಲಿಲ್ಲ. ಹಾಗಾಗಿ ಬ್ಯಾಲೆನ್ಸು, ಎಸ್ಕೇಪ್‌ಮೆಂಟು ಎಲ್ಲವನ್ನೂ ಒಂದು ಪಂಜರದಲ್ಲಿ ಕೂರಿಸಿ ಪಂಜರವನ್ನೇ ತಿರುಗಿಸಿದ. ಒಂದು ಮಗ್ಗುಲಿನ ತಪ್ಪನ್ನು ಎದುರು ಮಗ್ಗುಲಿನ ತಪ್ಪು ತಿಂದುಹಾಕುತ್ತದೆ. ಹೊಸೂರಿನಲ್ಲಿ ಕಾರ್ಖಾನೆಯಿರುವ ಟೈಟಾನ್ ತಾನೇ ರೂಪಿಸಿದ ಟೂರ್ಬಿಯಾನ್ ಹೊರತಂದಾಗಲೂ ಅದು ಒಪ್ಪಿಕೊಂಡದ್ದು ಇದೇ ಸೋಲನ್ನು, ಪಡೆದದ್ದು ಇದೇ ಗೆಲುವನ್ನು. ಕೌಶಲ ಎಂಬುದು ಹುಟ್ಟುವುದೇ ವಸ್ತು ನಮ್ಮ ಮಾತು ಕೇಳದಿರುವಾಗ. 1874ರಲ್ಲಿ ಪ್ರಕಟವಾದ ಧರ್ಮದ ಮೇಲಿನ ಪ್ರಬಂಧಗಳಲ್ಲಿ ಜಾನ್ ಸ್ಟುವರ್ಟ್ ಮಿಲ್ ಇದನ್ನು ಗುರುತಿಸಿದ: ಉಪಾಯ ಹೂಡುವವನು ಸರ್ವಶಕ್ತನಲ್ಲ, ಸರ್ವಶಕ್ತನಿಗೆ ಉಪಾಯ ಬೇಡ. ಲೋಕದಲ್ಲಿ ಕುಶಲ ರಚನೆ ಕಂಡಿತೆಂದು ಸರ್ವಶಕ್ತ ಕರ್ತೃವನ್ನು ಸಾಧಿಸಹೊರಟವರ ಕೈಯಲ್ಲಿ ಆ ರಚನೆಯೇ ತಿರುಗಿಬೀಳುತ್ತದೆ.

ಹಾಗಾದರೆ ಗಡಿಯಾರ ಆದದ್ದು ಯಾವುದರಿಂದ? ಈ ಪ್ರಶ್ನೆಗೆ ನನಗೆ ಗೊತ್ತಿರುವ ಅತ್ಯಂತ ನಿಖರ ಉತ್ತರ ಗಡಿಯಾರಶಾಸ್ತ್ರದಲ್ಲಿಲ್ಲ, ಜೈನ ದಾರ್ಶನಿಕ ಸಿದ್ಧಸೇನ ದಿವಾಕರನ ‘ಸನ್ಮತಿತರ್ಕ’ ಎಂಬ ಪ್ರಾಕೃತ ಗ್ರಂಥದಲ್ಲಿದೆ. ಕಾರ್ಯವೊಂದು ನಡೆಯಲು ಐದು ಕಾರಣಗಳನ್ನು ಅವನು ಎಣಿಸುತ್ತಾನೆ: ಕಾಲ, ಸ್ವಭಾವ, ನಿಯತಿ, ಪೂರ್ವಕೃತ, ಪುರುಷಕಾರ. ಇವುಗಳಲ್ಲಿ ಒಂದನ್ನೇ ಹಿಡಿದು ಇದೇ ಕಾರಣ ಎಂದರೆ ಅದು ಮಿಥ್ಯೆ. ಐದೂ ಕೂಡಿದಾಗ ಸಮ್ಯಕ್ತ್ವ, ಅಂದರೆ ಸರಿಯಾದ ನೋಟ. ಗಡಿಯಾರದ ಬೆನ್ನು ಬಿಚ್ಚಿದವರಿಗೆ ಈ ಎಣಿಕೆ ಎಷ್ಟು ಚೆನ್ನಾಗಿ ಹೊಂದುತ್ತದೆಂದು ನೋಡಿ. ಉಕ್ಕಿಗೆ ಪುಟಿಯುವ ಗುಣ, ಮಾಣಿಕ್ಯಕ್ಕೆ ಸವೆಯದ ಗುಣ, ನಿಕಲ್ ಬೆರೆತಾಗ ಸೆಕೆಗೆ ಜಗ್ಗದ ಗುಣ; ಇವು ಸ್ವಭಾವ, ಇವನ್ನು ಯಾವ ಗಡಿಯಾರದವನೂ ಕೊಟ್ಟದ್ದಲ್ಲ, ಕಂಡುಕೊಂಡದ್ದು. ಅರವತ್ತು ಹಲ್ಲಿನ ಚಕ್ರ ಹತ್ತು ಹಲ್ಲಿನದನ್ನು ಆರು ಸುತ್ತು ತಿರುಗಿಸಿಯೇ ತೀರುತ್ತದೆ. ಅದು ನಿಯತಿ, ಕುಶಲಿಯ ಇಷ್ಟಕ್ಕೆ ಐದಾಗುವುದಿಲ್ಲ. ಹಾಯ್ಗನ್ಸ್, ಮಡ್ಜ್, ಗಿಯೋಮ್ ಬಿಟ್ಟುಹೋದದ್ದು ಪೂರ್ವಕೃತ. ಹದ ಕಾಯಬೇಕಾದ ಉಕ್ಕು, ಪಕ್ವವಾಗಬೇಕಾದ ವಿದ್ಯೆ, ಮಡ್ಜ್‌ನ ಕಾಲಕ್ಕೆ ಕಷ್ಟವೆನಿಸಿ ಮುಂದಿನ ತಲೆಮಾರಿಗೆ ಸಲೀಸಾದ ಯಂತ್ರ, ಇದು ಕಾಲದ ಕೆಲಸ. ಕಣ್ಣಿಗೆ ಮಸೂರ ಏರಿಸಿ ಕೂತ ಕೆಲಸಗಾರನ ಶ್ರಮ, ಆಯ್ಕೆ, ಸಂಕಲ್ಪ ಪುರುಷಕಾರ. ಪೇಲಿ ನೋಡಿದ್ದು ಐದನೆಯದನ್ನು ಮಾತ್ರ. ಅದನ್ನೂ ಒಬ್ಬನಿಗೆ ಕಟ್ಟಿಬಿಟ್ಟ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ. ಒಂಟಿ ಕರ್ತೃಗಳೂ ಇದ್ದಾರಲ್ಲ? ಇಂಗ್ಲೆಂಡಿನ ಜಾರ್ಜ್ ಡೇನಿಯಲ್ಸ್ ಕವಚದಿಂದ ಹಿಡಿದು ಒಳಗಿನ ಯಂತ್ರದವರೆಗೆ ಇಡೀ ಗಡಿಯಾರವನ್ನು ತನ್ನ ಕೈಯಿಂದಲೇ ಮಾಡಬಲ್ಲವನಾಗಿದ್ದ. ಸ್ವಿಟ್ಜರ್ಲೆಂಡಿನ ಫಿಲಿಪ್ ಡ್ಯುಫೋರ್ 2000ದಲ್ಲಿ ಹೊರತಂದ ‘ಸಿಂಪ್ಲಿಸಿಟಿ’ ಮುಳ್ಳು ಮೂರೇ ಇರುವ ಸಾದಾ ಗಡಿಯಾರ. ಅದರ ಒಳಗಿನ ಕುಸುರಿಯನ್ನು ಆ ಕಸುಬಿನವರೇ ಅಳತೆಗೋಲಾಗಿ ಹಿಡಿಯುತ್ತಾರೆ. ಇವರನ್ನು ನೋಡಿದರೆ ಪೇಲಿ ಗೆದ್ದ ಹಾಗೆ ಕಾಣಬಹುದು. ನನಗೆ ಹಾಗನ್ನಿಸುವುದಿಲ್ಲ. ಡೇನಿಯಲ್ಸ್ ಕಲಿತದ್ದು ಬ್ರೆಗೆಯ ಹಳೆಯ ಗಡಿಯಾರಗಳನ್ನು ಬಿಚ್ಚಿ, ಸರಿಪಡಿಸಿ, ಅವುಗಳ ಬಗ್ಗೆ ಪುಸ್ತಕ ಬರೆಯುತ್ತಾ. 1970ರ ದಶಕದಲ್ಲಿ ಅವನಿಗೆ ಹೊಳೆದ ಹೊಸ ಎಸ್ಕೇಪ್‌ಮೆಂಟು ಕಾರ್ಖಾನೆಯ ಗಡಿಯಾರಕ್ಕೆ ಏರಿದ್ದು 1999ರಲ್ಲಿ, ಒಮೆಗಾ ಕಂಪನಿಯ ಎಂಜಿನಿಯರುಗಳ ಕೈ ಸೇರಿದ ಮೇಲೆ. ಎಷ್ಟು ಒಂಟಿಯಾಗಿ ದುಡಿದರೂ ಅವನ ಬೆರಳುಗಳಲ್ಲಿ ಇನ್ನೊಬ್ಬರ ಬೆರಳುಗಳಿದ್ದವು. ಹೀಗೆಂದ ಮಾತ್ರಕ್ಕೆ ಅವನು ಚಿಕ್ಕವನಾಗುವುದಿಲ್ಲ. ಶೂನ್ಯದಿಂದ ಸೃಷ್ಟಿಸುವವನಿಗೆ ಸಿಗದ ಒಂದು ಹಿರಿಮೆ ಅವನಿಗೆ ಸಿಗುತ್ತದೆ: ಪಡೆದದ್ದನ್ನು ಕೆಡಿಸದೆ ಮುಂದಕ್ಕೆ ದಾಟಿಸಿದವನ ಹಿರಿಮೆ. ವಯನಾಡಿನ ಊರಾಳಿ ಕುರುಮರ ಹಟ್ಟಿಯಲ್ಲಿ ಬುಟ್ಟಿ ಹೆಣೆಯುವ, ಕಬ್ಬಿಣ ಬಡಿಯುವ, ಮಡಕೆ ಮಾಡುವ ಕೈಗಳ ಹಿರಿಮೆಯೂ ಇದೇ ಜಾತಿಯದು. ಆ ಬುಟ್ಟಿಗೂ ಈ ಟೂರ್ಬಿಯಾನಿಗೂ ನಡುವೆ ಬೆಲೆಯಲ್ಲಿ ಆಕಾಶ ಪಾತಾಳ. ಕರ್ತೃತ್ವದ ಪ್ರಶ್ನೆಯಲ್ಲಿ ಕೂದಲೆಳೆಯ ವ್ಯತ್ಯಾಸವೂ ಇಲ್ಲ.

ಇನ್ನೊಂದು ಆಕ್ಷೇಪ ಹೀಗೆ ಬರಬಹುದು: ಕರ್ತೃಗಳು ನೂರಿರಲಿ, ಪ್ರತಿಯೊಬ್ಬರಲ್ಲೂ ಬುದ್ಧಿ ಇತ್ತಲ್ಲ, ಬುದ್ಧಿಯಿಲ್ಲದೆ ಗಡಿಯಾರವಿಲ್ಲ, ಲೋಕವೂ ಇಲ್ಲ. ಮೊದಲ ಅರ್ಧ ಒಪ್ಪತಕ್ಕದ್ದು. ಚೇತನವನ್ನು ಜೈನ ದರ್ಶನ ಅಲ್ಲಗಳೆಯುವುದೇ ಇಲ್ಲ, ಅದು ಜೀವವೆಂಬ ಸ್ವತಂತ್ರ ದ್ರವ್ಯ. ದುಬಾರಿ ಗಡಿಯಾರಗಳ ಕುಸುರಿಯಲ್ಲಿ ಆ ಚೇತನ ಎದ್ದು ಕಾಣುತ್ತದೆ. ಉಕ್ಕಿನ ಬಿಡಿಭಾಗದ ಅಂಚನ್ನು ಇಳುಕಲಾಗಿ ಉಜ್ಜಿ, ಕೊನೆಯಲ್ಲಿ ಜೆನ್ಷಿಯನ್ ಗಿಡದ ಒಣ ಕಡ್ಡಿಯಿಂದ ಮಿರುಗು ಕೊಡುತ್ತಾರೆ. ಎರಡು ಅಂಚುಗಳು ಒಳಗೆ ಕೂಡುವ ಮೂಲೆ ಚೂಪಾಗಿ ಉಳಿಯಬೇಕಾದರೆ ಯಂತ್ರ ಸಾಲದು, ಕೈಯೇ ಬೇಕು. ಮುಳ್ಳಿನ ಕೆಳಗೆ, ತಟ್ಟೆಯ ಹಿಂದೆ, ಕೊಂಡವನ ಕಣ್ಣಿಗೆ ಎಂದೂ ಬೀಳದ ಜಾಗದಲ್ಲೂ ಈ ಕೆಲಸ ನಡೆಯುತ್ತದೆ. ಗಂಟೆ ತೋರಿಸಲು ಅದು ಬೇಕಿಲ್ಲ. ಅಪರಿಗ್ರಹವನ್ನು ವ್ರತವಾಗಿ ಹಿಡಿದ ಧರ್ಮದ ಎದುರು ಲಕ್ಷಗಟ್ಟಲೆ ಬೆಲೆಯ ಆಭರಣವನ್ನು ಸಮರ್ಥಿಸಲು ನಾನು ಹೋಗುವುದಿಲ್ಲ, ಆದರೆ ಆ ಕಾಣದ ಮೂಲೆಯನ್ನು ಉಜ್ಜಿದ ಕೈಗೆ ಪರಿಗ್ರಹದ ದೋಷ ತಟ್ಟುವುದಿಲ್ಲ ಎಂಬುದು ನನ್ನ ನಂಬಿಕೆ. ಆಕ್ಷೇಪದ ಎರಡನೆಯ ಅರ್ಧ ಮಾತ್ರ ನಿಲ್ಲುವುದಿಲ್ಲ. ಚೇತನ ವಸ್ತುವಿನ ಸ್ವಭಾವದೊಡನೆ ಸೇರಿ ದುಡಿಯುತ್ತದೆ ಎಂಬುದಕ್ಕೆ ಗಡಿಯಾರ ಸಾಕ್ಷಿ. ಸ್ವಭಾವವನ್ನೇ ಚೇತನವೊಂದು ಹುಟ್ಟಿಸಿತು ಎಂಬುದಕ್ಕೆ ಅದರಲ್ಲಿ ಸಾಕ್ಷಿಯಿಲ್ಲ. ಸ್ವಭಾವವನ್ನು ಕೊಟ್ಟವನೇ ದೇವರು ಎಂದರೆ ಜಿನಸೇನನ ಹಳೆಯ ಪ್ರಶ್ನೆ ಕಾದು ನಿಂತಿದೆ: ಕೊಟ್ಟವನ ಸ್ವಭಾವವನ್ನು ಕೊಟ್ಟವರಾರು? ಅವನದು ತಾನಾಗಿ ಇರಬಹುದಾದರೆ ಉಕ್ಕಿನದೂ ಕಲ್ಲಿನದೂ ತಾನಾಗಿ ಇರಬಾರದೇಕೆ?

ನಮ್ಮ ಮನಸ್ಸು ಉದ್ದೇಶವನ್ನು ಹುಡುಕಲು ಎಷ್ಟು ಆತುರಪಡುತ್ತದೆ ಎಂಬುದಕ್ಕೆ ‘ಜನತಾ’ದಲ್ಲೇ ಒಂದು ನಿದರ್ಶನವಿದೆ. ಗಂಟೆಗೆ 18,000ದ ಲೆಕ್ಕದಲ್ಲಿ ಒಂದು ಹಗಲು ರಾತ್ರಿಗೆ ಅದು ಬಡಿಯುವುದು 4,32,000 ಬಾರಿ. ಕಲಿಯುಗದ ವರ್ಷಗಳೂ 4,32,000. ಮೈ ಜುಮ್ಮೆನ್ನುತ್ತದೆ; ಬೆಂಗಳೂರಿನ ಕಾರ್ಖಾನೆಯಲ್ಲಿ ಪುರಾಣ ಬಲ್ಲವರು ಯಾರೋ ಕೂತು ಇದನ್ನು ಹೊಂದಿಸಿದರೇನೋ ಎನಿಸುತ್ತದೆ. ಹೊಂದಿಸಿದವರಿಲ್ಲ. ಸೆಕೆಂಡಿಗೆ ಐದು ಬಡಿತ ಜಗತ್ತಿನ ಎಷ್ಟೋ ಗಡಿಯಾರಗಳಿಗೆ ರೂಢಿಯಾಗಿದ್ದ ವೇಗ. ಗಂಟೆಯನ್ನು ಅರವತ್ತು ನಿಮಿಷವಾಗಿ, ನಿಮಿಷವನ್ನು ಅರವತ್ತು ಸೆಕೆಂಡಾಗಿ ಒಡೆಯುವ ಲೆಕ್ಕ ಹಳೆಯದು. 4,32,000 ಎಂದರೆ ಅರವತ್ತನ್ನು ಅರವತ್ತರಿಂದ, ಮತ್ತೆ ಅರವತ್ತರಿಂದ ಗುಣಿಸಿ ಇಮ್ಮಡಿ ಮಾಡಿದ್ದು. ಹಾಗೆ ಅರವತ್ತರಲ್ಲಿ ಎಣಿಸುವ ಎರಡು ದಾರಿಗಳು ಒಂದು ಸಂಖ್ಯೆಯಲ್ಲಿ ಸಂಧಿಸಿವೆ. ಎಡಕಲ್ಲಿನ ಚಾವಣಿಯನ್ನು ಕಂಡವರಿಗೆ ಕಟ್ಟಿದವನ ನೆನಪಾಗುವುದೂ ಹೀಗೆಯೇ.

ಕಲ್ಲು ಸಿಕ್ಕಿಕೊಂಡು ಚಾವಣಿಯಾದ ಅದೇ ಜಿಲ್ಲೆಯಲ್ಲಿ ಕಲ್ಲು ಜಾರಿ ಊರುಗಳನ್ನು ಒಯ್ದದ್ದೂ ಉಂಟು. 2024ರ ಜುಲೈ 30ರ ನಸುಕಿನಲ್ಲಿ ಮೇಪ್ಪಾಡಿ ಪಂಚಾಯತಿಯ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ ಬೆಟ್ಟ ಕುಸಿಯಿತು. ಸತ್ತವರು ಇನ್ನೂರೈವತ್ತಕ್ಕೂ ಹೆಚ್ಚು. ದುಡಿಮೆಗೆಂದು ಗಡಿ ದಾಟಿ ಹೋಗಿದ್ದ ಕನ್ನಡದ ಕುಟುಂಬಗಳೂ ಅವರಲ್ಲಿದ್ದವು. ಐದು ವರ್ಷ ಮೊದಲು, 2019ರ ಆಗಸ್ಟಿನಲ್ಲಿ, ಅಲ್ಲಿಗೆ ಸಮೀಪದ ಪುತ್ತುಮಲ ಹೀಗೆಯೇ ಹೋಗಿತ್ತು. ಲೋಕ ಒಬ್ಬ ಕುಶಲಿಯ ಗಡಿಯಾರವಾದರೆ ಆ ರಾತ್ರಿಯನ್ನು ಅವನ ಲೆಕ್ಕಕ್ಕೇ ಬರೆಯಬೇಕಾಗುತ್ತದೆ. ಕರುಣೆಯಿಂದ ಸೃಷ್ಟಿಸಿದನೆಂದರೆ ದುಃಖವನ್ನೇಕೆ ಸೃಷ್ಟಿಸಿದ ಎಂದು ಜಿನಸೇನ ಕೇಳಿದ್ದು ಇದನ್ನೇ. ಇಲ್ಲಿ ನನ್ನ ಕಡೆಗೂ ಒಂದು ಪ್ರಶ್ನೆ ತಿರುಗುತ್ತದೆ, ಅದನ್ನು ತಪ್ಪಿಸಿಕೊಳ್ಳಬಾರದು: ಕರ್ತೃವನ್ನು ತೆಗೆದು ಆ ಜಾಗದಲ್ಲಿ ಕರ್ಮವನ್ನು ಇಟ್ಟರೆ, ಮಲಗಿದ್ದಲ್ಲೇ ಮಣ್ಣಾದ ಮಗುವಿಗೆ ಅದು ನಿನ್ನ ಪೂರ್ವಕೃತ ಎಂದ ಹಾಗಾಗಲಿಲ್ಲವೆ? ಹಾಗೆ ಹೇಳುವವರಿದ್ದಾರೆ. ಅದು ಕ್ರೂರ ಮಾತು, ತಪ್ಪು ಮಾತು ಕೂಡ. ಸಿದ್ಧಸೇನನ ಪ್ರಕಾರ ಪೂರ್ವಕೃತವೊಂದನ್ನೇ ಕಾರಣವೆಂದು ಹಿಡಿಯುವುದು ಮಿಥ್ಯೆ. ಕರ್ತೃವೊಬ್ಬನನ್ನೇ ಹಿಡಿಯುವಷ್ಟೇ ಏಕಾಂತ, ಅಂದರೆ ಒಂದೇ ಪಕ್ಕದ ನೋಟ. ಕಡಿದಾದ ಇಳಿಜಾರು, ನೀರು ಕುಡಿದ ಮಣ್ಣಿನ ಸ್ವಭಾವ, ಮಳೆಯ ಕಾಲ, ನೆಲವನ್ನು ತಲೆತಲಾಂತರದಿಂದ ಬಳಸಿದ ರೀತಿ, ಎಲ್ಲಿ ಮನೆ ಕಟ್ಟಗೊಡಬೇಕು ಎಂಬ ಇಂದಿನ ತೀರ್ಮಾನಗಳು, ಇವೆಲ್ಲ ಕೂಡಿ ಆ ರಾತ್ರಿ ಆಯಿತು. ಹೀಗೆ ಬಿಡಿಸಿ ಎಣಿಸಿದಾಗ ದೇವರನ್ನು ದೂರುವುದೂ ಸತ್ತವರನ್ನು ದೂರುವುದೂ ಎರಡೂ ತಪ್ಪುತ್ತವೆ. ನಮ್ಮ ಕೈಯಲ್ಲಿರುವ ಐದನೆಯದು, ಪುರುಷಕಾರ, ಎದ್ದು ಕಾಣುತ್ತದೆ.

ಆಸ್ತಿಕರು ನೊಂದುಕೊಳ್ಳಬೇಕಾಗಿಲ್ಲ. ಬ್ರಹ್ಮಗಿರಿಯ ತಪ್ಪಲಲ್ಲಿ ತಿರುನೆಲ್ಲಿಯ ವಿಷ್ಣುವಿಗೆ ನಡೆದುಕೊಳ್ಳುವವರು, ಪಾಪನಾಶಿನಿಯಲ್ಲಿ ಹಿರಿಯರಿಗೆ ಪಿಂಡ ಬಿಡುವವರು ಗಡಿಯಾರದ ಯುಕ್ತಿಯನ್ನು ನೆಚ್ಚಿ ಅಲ್ಲಿಗೆ ಬರುವವರಲ್ಲ. ಅವರ ಕಡೆಯ ದೊಡ್ಡ ಆಚಾರ್ಯರೊಬ್ಬರೇ ಈ ಯುಕ್ತಿಯನ್ನು ಕೈಬಿಟ್ಟಿದ್ದಾರೆ. ಮೇಲುಕೋಟೆಯಲ್ಲಿ ಬಹುಕಾಲ ನೆಲೆಸಿದ್ದ ರಾಮಾನುಜರು ‘ಶ್ರೀಭಾಷ್ಯ’ದ ಮೂರನೆಯ ಸೂತ್ರದ ವಿಚಾರದಲ್ಲಿ ಈಶ್ವರನನ್ನು ಅನುಮಾನದಿಂದ, ಅಂದರೆ ತರ್ಕದ ಊಹೆಯಿಂದ, ಸಾಧಿಸಲಾಗದು ಎಂದು ವಿಸ್ತಾರವಾಗಿ ವಾದಿಸುತ್ತಾರೆ. ಭೂಮಿ, ಸಾಗರ ಮುಂತಾದವು ಕಾರ್ಯಗಳೇ ಇರಲಿ. ಅವು ಒಂದೇ ಸಲ ಒಬ್ಬನಿಂದಲೇ ಆದವೆಂದು ಹೇಗೆ ಗೊತ್ತು? ಕುಂಬಾರನ ಹೋಲಿಕೆಯಿಂದ ಸಿಗುವವನು ಕುಂಬಾರನಂತೆ ಶರೀರವುಳ್ಳ, ಮಿತಿಯುಳ್ಳ ಕರ್ತೃವಷ್ಟೇ. ಪರಮಾತ್ಮನನ್ನು ತಿಳಿಯಲು ಶಾಸ್ತ್ರವೊಂದೇ ದಾರಿ ಎಂಬುದು ಅವರ ನಿಲುವು. ಜಿನಸೇನರೂ ರಾಮಾನುಜರೂ ಎಷ್ಟು ದೂರದವರು! ಈ ಒಂದು ಹಂತದವರೆಗೆ ಇಬ್ಬರೂ ಒಟ್ಟಿಗೆ ನಡೆಯುತ್ತಾರೆ, ಆಮೇಲೆ ಒಬ್ಬರು ಬಸದಿಯ ಕಡೆ, ಇನ್ನೊಬ್ಬರು ಗುಡಿಯ ಕಡೆ ಹೊರಳುತ್ತಾರೆ. ಭಕ್ತಿಗೆ ಗಡಿಯಾರದ ಸಾಕ್ಷಿ ಬೇಕಿಲ್ಲ.

ಪೇಲಿಯ ರೂಪಕದಲ್ಲಿ ಅವನು ಗಮನಿಸದ ಇನ್ನೊಂದು ಸಂಗತಿಯಿದೆ. ಗಡಿಯಾರ ಒಮ್ಮೆ ಮಾಡಿಟ್ಟರೆ ನಡೆಯುತ್ತಲೇ ಇರುವ ವಸ್ತುವಲ್ಲ. ಕೀ ಕೊಟ್ಟ ಒಂದೆರಡು ದಿನಕ್ಕೆ ಅದು ನಿಲ್ಲುತ್ತದೆ. ಕೆಲವು ವರ್ಷಕ್ಕೊಮ್ಮೆ ಎಣ್ಣೆ ಒಣಗುತ್ತದೆ, ಬಿಚ್ಚಿ, ತೊಳೆದು, ಮತ್ತೆ ಜೋಡಿಸಬೇಕು. 2016ರಲ್ಲಿ ಎಚ್‌ಎಂಟಿಯ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿತು. ಮಾಡಿದ ಕಾರ್ಖಾನೆ ಇಲ್ಲವಾದ ಮೇಲೂ ‘ಜನತಾ’ಗಳು ನಡೆಯುತ್ತಿರುವುದು ದಿನಾ ಬೆಳಿಗ್ಗೆ ಕೀ ಕೊಡುವ ಬೆರಳುಗಳಿಂದ, ಪೇಟೆಯ ಮೂಲೆಯಲ್ಲಿ ಗಾಜಿನ ಪೆಟ್ಟಿಗೆ ಮುಂದಿಟ್ಟುಕೊಂಡು ಕೂತ ರಿಪೇರಿಯವರಿಂದ. ಅಂಥವರಲ್ಲಿ ಹಿಂದಿನಿಂದ ಬಂದ ಒಂದು ರೂಢಿಯಿದೆ. ಗಡಿಯಾರವನ್ನು ಬಿಚ್ಚಿ ಸರಿಮಾಡಿದ ಮೇಲೆ ಬೆನ್ನಿನ ಮುಚ್ಚಳದ ಒಳಮೈಯಲ್ಲಿ ಸೂಜಿಮೊನೆಯಿಂದ ತಾರೀಖನ್ನೋ ತಮ್ಮ ಗುರುತನ್ನೋ ಸಣ್ಣದಾಗಿ ಗೀರುತ್ತಾರೆ. ಹಳೆಯ ಗಡಿಯಾರದ ಮುಚ್ಚಳದಲ್ಲಿ ಇಂಥ ಗೀರುಗಳು ಒಂದರ ಪಕ್ಕ ಒಂದು, ಒಂದರ ಮೇಲೊಂದು ಇರುತ್ತವೆ. ಕೈಗೆ ಕಟ್ಟಿಕೊಂಡವರಿಗೆ ಅವು ಕಾಣುವುದಿಲ್ಲ; ಮುಂದೆ ಯಾವತ್ತಾದರೂ ಮುಚ್ಚಳ ತೆಗೆಯುವ ರಿಪೇರಿಯವರು ಮಸೂರವನ್ನು ಕಣ್ಣಿಗೇರಿಸಿ ಅವನ್ನು ಓದಿಕೊಳ್ಳುತ್ತಾರೆ, ಕೆಲಸ ಮುಗಿಸಿ, ಉಳಿದ ಜಾಗ ನೋಡಿ ತಮ್ಮದೊಂದನ್ನು ಗೀರುತ್ತಾರೆ.